ಗರ್ಭಕೊರಳಿನ ಆಪರೇಷನ್ ಆದವರಿಗೆ ಮಕ್ಕಳಾಗುವುದಿಲ್ಲವೇ?

ನಮ್ಮ ಹಳ್ಳಿಗಳಲ್ಲಿ ಒಬ್ಬ ಹೆಣ್ಣುಮಗಳಿಗೆ ‘ಆಪರೇಷನ್ ಆಗಿದೆ’ ಅಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಮಕ್ಕಳು ಸಾಕು ಎಂದು ಮಾಡಿಸಿಕೊಳ್ಳುವ ಆಪರೇಷನ್ ಎಂದೇ ಅರ್ಥ. ‘ಗರ್ಭಕೋಶದ ಆಪರೇಷನ್’ ಅಂದರೆ ಗರ್ಭಕೋಶವನ್ನೇ ತೆಗೆದುಹಾಕಿದರು ಎಂದು ಅರ್ಥ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ಮೂರನೆಯ ಒಂದು ಪುಟ್ಟ ಆಪರೇಷನ್ ಸುಮ್ಮಸುಮ್ಮನೆ ಕೆಟ್ಟ ಹೆಸರು ಪಡೆದಿದೆ. ಅದು ಗರ್ಭಕೊರಳಿನದು. ಕ್ಯಾನ್ಸರ್ ಆಗುವ ಮೊದಲೇ, ಆಗಬಹುದಾದ ಜಾಗವನ್ನು ಸ್ವಲ್ಪವೇ ಸ್ವಲ್ಪ ಕತ್ತರಿಸಿ ತೆಗೆಯುವ ಚಿಕಿತ್ಸೆ.

ಅದನ್ನು ಮಾಡಿಸಿಕೊಂಡರೆ ಮಕ್ಕಳಾಗುವುದಿಲ್ಲ, ಬಸಿರಾದರೂ ನಿಲ್ಲುವುದಿಲ್ಲ, ನಿಂತರೂ ಸಿಸೇರಿಯನ್ನೇ ಗತಿ. ಈ ಮೂರು ಮಾತುಗಳು ಒಟ್ಟಿಗೋ ಬಿಡಿಬಿಡಿಯಾಗಿಯೋ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಿರುತ್ತವೆ. ಮೊದಲನೆಯದು ಸುಳ್ಳು. ಮೂರನೆಯದೂ ಹೆಚ್ಚುಕಡಿಮೆ ಸುಳ್ಳೇ. ಎರಡನೆಯದರಲ್ಲಿ ಮಾತ್ರ ಒಂದು ಎಳೆಯಷ್ಟು ನಿಜವಿದೆ. ಆ ಎಳೆಯನ್ನು ಸರಿಯಾಗಿ ತಿಳಿದುಕೊಂಡರೆ ಒಂದು ಮಗುವಿನ ಜೀವ ಉಳಿಯಬಹುದು, ಅದಕ್ಕೇ ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು, ಈ ಕೊರಳು ಯಾವುದು?

‘ಸರ್ವೈಕಲ್’ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಕುತ್ತಿಗೆ ನೋವು. ಕತ್ತಿಗೆ ಪಟ್ಟಿ ಹಾಕಿಕೊಂಡವರನ್ನು ಕಂಡು ‘ಸರ್ವೈಕಲ್ ಅಂತೆ’ ಎನ್ನುತ್ತೇವೆ. ಗೊಂದಲಕ್ಕೆ ಕಾರಣವಿದೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಕುತ್ತಿಗೆ ಎಂದೇ ಅರ್ಥ. ತಲೆಗೆ ಒಂದು ಕುತ್ತಿಗೆ ಇದ್ದಂತೆ ಗರ್ಭಕೋಶಕ್ಕೂ ಒಂದು ಕುತ್ತಿಗೆ ಇದೆ. ಕನ್ನಡದಲ್ಲಿ ಅದು ಗರ್ಭಕಂಠ ಅಥವಾ ಗರ್ಭಕೊರಳು. ಊರಲ್ಲಿ ‘ಗರ್ಭಕೋಶದ ಬಾಯಿ’ ಅನ್ನುವುದೂ ಇದನ್ನೇ.

ಉದ್ದ ಬರೀ ಮೂರರಿಂದ ನಾಲ್ಕು ಸೆಂಟಿಮೀಟರ್. ಬಸುರಿಯಲ್ಲಿ ಒಂಬತ್ತು ತಿಂಗಳು ಇದು ಗಟ್ಟಿಯಾಗಿ ಮುಚ್ಚಿಕೊಂಡಿರಬೇಕು, ಹೆರಿಗೆಯ ದಿನ ಮೆತ್ತಗಾಗಿ ಹತ್ತು ಸೆಂಟಿಮೀಟರಿನಷ್ಟು ತೆರೆದುಕೊಳ್ಳಬೇಕು. ಕೆರೆಯ ತೂಬಿನ ಹಾಗೆ: ಮಳೆಗಾಲವೆಲ್ಲ ಮುಚ್ಚಿರುತ್ತದೆ, ಗದ್ದೆಗೆ ನೀರು ಬೇಕಾದಾಗ ತೆರೆಯುತ್ತದೆ. ಇದರ ಬಲ ಇರುವುದು ಮಾಂಸಖಂಡದಲ್ಲಲ್ಲ, ಕೊಲಾಜನ್ ಎಂಬ ನಾರಿನಲ್ಲಿ. ಒಳಗಿನ ಗ್ರಂಥಿಗಳು ಒಸರುವ ಗಟ್ಟಿ ಲೋಳೆ ಬಾಯಿಗೆ ಬಿರಡೆಯಂತೆ ಕೂತು ಕೆಳಗಿನಿಂದ ಸೋಂಕು ಹತ್ತದಂತೆ ತಡೆಯುತ್ತದೆ.

ಕ್ಯಾನ್ಸರ್ ಶುರುವಾಗುವುದೂ ಈ ಕೊರಳಿನ ತುದಿಯಲ್ಲೇ. ಕಾರಣ ಎಚ್‌ಪಿವಿ ಎಂಬ ವೈರಸ್. ದಾಂಪತ್ಯ ಜೀವನ ನಡೆಸುವ ಬಹುಪಾಲು ಹೆಣ್ಣು-ಗಂಡುಗಳಿಗೆ ಇದು ಯಾವಾಗಲೋ ಒಮ್ಮೆ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಎಚ್‌ಪಿವಿ ಸಿಕ್ಕಿತು ಎಂದರೆ ಯಾರ ನಡತೆಯ ಮೇಲೂ ಬೊಟ್ಟು ಮಾಡಬೇಕಿಲ್ಲ. ಕೆಲವರಲ್ಲಿ ಮಾತ್ರ ವೈರಸ್ ಉಳಿದುಕೊಂಡು ಅಲ್ಲಿನ ಜೀವಕೋಶಗಳನ್ನು ಕೆಡಿಸುತ್ತಾ ಹೋಗುತ್ತದೆ. ಕೆಟ್ಟ ಕೋಶ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಈ ಹತ್ತು ವರ್ಷದ ಗಡುವಿನಲ್ಲಿ ಹಿಡಿದರೆ ಅರ್ಧ ಗಂಟೆಯ ಕೆಲಸ. ಹಿಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ: 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ಸತ್ತರು.

2024ರ ಫೆಬ್ರುವರಿಯಲ್ಲಿ ನಟಿ ಪೂನಂ ಪಾಂಡೆ ಇದೇ ಕ್ಯಾನ್ಸರಿನಿಂದ ಸತ್ತರೆಂಬ ಸುದ್ದಿ ಎಲ್ಲರ ಫೋನಿಗೂ ಬಂತು, ಮರುದಿನ ಅವರೇ ವಿಡಿಯೋದಲ್ಲಿ ಬಂದು ಬದುಕಿದ್ದೇನೆ ಎಂದರು. ಆ ಎರಡು ದಿನ ಓಡಾಡಿದ ಸುದ್ದಿಯ ಅರ್ಧದಷ್ಟಾದರೂ ಈ 80 ಸಾವಿರ ಓಡಾಡಿದ್ದರೆ ಚೆನ್ನಾಗಿತ್ತು.

ಯಾವ ಆಪರೇಷನ್ ಎಂಬುದೇ ಮುಖ್ಯ

ಬಸಿರಿನ ಪ್ರಶ್ನೆಗೆ ಬರುವ ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳಬೇಕು. ಗೊಂದಲದ ಬಹುಪಾಲು ಇಲ್ಲೇ ಇರುವುದು.

ಪ್ಯಾಪ್ ಪರೀಕ್ಷೆ ಆಪರೇಷನ್ ಅಲ್ಲ. ಬ್ರಷ್ಷಿನಂಥ ಕಡ್ಡಿಯಿಂದ ಮೇಲ್ಪದರವನ್ನು ಸವರಿ ತೆಗೆಯುತ್ತಾರೆ, ಅಷ್ಟೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ಬಿಳಿ ಕಲೆ ಕಾಣುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಆಪರೇಷನ್ ಅಲ್ಲ. 2016ರಿಂದ ಕೇಂದ್ರ ಸರ್ಕಾರದ ನಿಯಮದಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕಾದ ಪರೀಕ್ಷೆ ಇದೇ. ಅನುಮಾನ ಬಂದ ಕಡೆ ಅಕ್ಕಿಕಾಳಿನಷ್ಟು ಚೂರು ತೆಗೆದು ಲ್ಯಾಬಿಗೆ ಕಳಿಸುವ ಬಯಾಪ್ಸಿಯಿಂದಲೂ ಮುಂದಿನ ಬಸಿರಿಗೆ ತೊಂದರೆಯಿಲ್ಲ.

ಚಿಕಿತ್ಸೆ ಎಂದರೆ ಎರಡು ಬಗೆ. ಒಂದು, ಕೆಟ್ಟ ಪದರವನ್ನು ಶೀತದಿಂದಲೋ ಬಿಸಿಯಿಂದಲೋ ಸುಟ್ಟು ಹಾಕುವುದು. ಇನ್ನೊಂದು, ಕತ್ತರಿಸಿ ತೆಗೆಯುವುದು. ಕತ್ತರಿಸುವುದರಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ‘ಲೀಪ್’. ವಿದ್ಯುತ್ ಹರಿಯುವ ತೆಳು ತಂತಿಯ ಬಳೆಯಿಂದ ಕೆಟ್ಟ ಭಾಗವನ್ನು ಬೆಣ್ಣೆ ಕೊರೆದಂತೆ ಕೊರೆದು ತೆಗೆಯುತ್ತಾರೆ. ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ರೋಗ ಒಳಗೆ ಆಳಕ್ಕೆ ಇಳಿದಿರಬಹುದು ಎಂಬ ಅನುಮಾನವಿದ್ದರೆ ಚಾಕುವಿನಿಂದ ಶಂಕುವಿನ ಆಕಾರದಲ್ಲಿ ಇನ್ನಷ್ಟು ಆಳವಾಗಿ ತೆಗೆಯುತ್ತಾರೆ. ಇದು ‘ಕೋನ್ ಬಯಾಪ್ಸಿ’.

ಕ್ಯಾನ್ಸರ್ ಆಗಿಯೇಬಿಟ್ಟಿದ್ದು ತೀರಾ ಮೊದಲ ಹಂತದಲ್ಲಿದ್ದರೆ, ಗರ್ಭಕೋಶ ಉಳಿಸಿಕೊಂಡು ಕೊರಳನ್ನು ಮಾತ್ರ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯೂ ಇದೆ. ಫ್ರಾನ್ಸಿನ ಲಿಯೋನ್ ನಗರದ ಡಾ. ಡ್ಯಾನಿಯಲ್ ದಾರ್ಜಾ 1987ರಲ್ಲಿ ಶುರುಮಾಡಿದ ವಿಧಾನ ಅದು. ಅದಾದ ಮೇಲೂ ಬಸಿರಾಗಿ ಮಕ್ಕಳನ್ನು ಹೆತ್ತವರಿದ್ದಾರೆ, ಆದರೆ ದಿನಕ್ಕೆ ಮೊದಲೇ ಹೆರಿಗೆಯಾಗುವ ಸಂಭವ ಬಹಳ ಹೆಚ್ಚು, ಹೆರಿಗೆ ಸಿಸೇರಿಯನ್ ಮೂಲಕವೇ. ‘ಸಿಸೇರಿಯನ್ನೇ ಗತಿ’ ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದ. ಲೀಪ್ ಆದವರಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ಗರ್ಭಕೋಶವನ್ನೇ ತೆಗೆದರೆ ಬಸಿರಿನ ಮಾತೇ ಇಲ್ಲ. ನೋವಿನ ಸಂಗತಿಯೆಂದರೆ, ಬೇಕಿಲ್ಲದಿದ್ದರೂ ಅದನ್ನು ತೆಗೆದ ಇತಿಹಾಸ ನಮ್ಮ ರಾಜ್ಯದಲ್ಲಿದೆ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ನೂರಾರು ಹೆಂಗಸರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದದ್ದು ಬಯಲಾಗಿ, ಅವರು ಬೀದಿಗಿಳಿದು ಹೋರಾಡಿದರು. ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದವರಿಗೆ ‘ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ಹುಟ್ಟಿಸಿದ್ದೇ ಅಲ್ಲಿನ ಉಪಾಯ. ಬೇರೆ ರಾಜ್ಯಗಳ ಇಂಥದ್ದೇ ಪ್ರಕರಣಗಳ ಬಗ್ಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಆದ್ದರಿಂದ ಪರೀಕ್ಷೆಯಲ್ಲಿ ‘ಕೋಶ ಕೆಟ್ಟಿದೆ, ಕ್ಯಾನ್ಸರ್ ಇನ್ನೂ ಇಲ್ಲ’ ಎಂದು ಬಂದಾಗ ಯಾರಾದರೂ ನೇರವಾಗಿ ಗರ್ಭಕೋಶ ತೆಗೆಸಿಬಿಡಿ ಎಂದರೆ, ಮಕ್ಕಳು ಬೇಕಿರಲಿ ಬೇಡವಾಗಿರಲಿ, ಇನ್ನೊಬ್ಬ ವೈದ್ಯರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆ ಇರುವುದೇ ಇದಕ್ಕೆ.

ಮಕ್ಕಳಾಗುವುದಿಲ್ಲ ಎಂಬುದು

ಬಸಿರು ನಿಲ್ಲುವುದು ಅಂಡಾಶಯ, ಗರ್ಭನಾಳ, ಗರ್ಭಕೋಶಗಳ ಕೆಲಸದಿಂದ. ಲೀಪ್ ಈ ಮೂರನ್ನೂ ಮುಟ್ಟುವುದಿಲ್ಲ. ಕೊರಳಿನ ತುದಿಯಿಂದ ಸ್ವಲ್ಪ ತೆಗೆದರೂ ದಾರಿ ತೆರೆದೇ ಇರುತ್ತದೆ, ಮುಟ್ಟು ಎಂದಿನಂತೆ ಬರುತ್ತದೆ. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟವಾಯಿತು. ಚಿಕಿತ್ಸೆ ಪಡೆದ ಹೆಂಗಸರು ಬಸಿರಾಗುವುದು ಇತರರಿಗಿಂತ ಕಡಿಮೆಯಾಗಿರಲಿಲ್ಲ.

ಅಪರೂಪಕ್ಕೆ ಗಾಯ ಮಾಯುವಾಗ ಕೊರಳಿನ ರಂಧ್ರ ಸಂಕುಚಿತವಾಗಬಹುದು. ಆಗ ಮುಟ್ಟು ಸರಿಯಾಗಿ ಹೊರಬರದೆ ವಿಪರೀತ ನೋವು ಬರುತ್ತದೆ, ಅಥವಾ ಮುಟ್ಟೇ ನಿಂತಂತೆ ಕಾಣುತ್ತದೆ. ಅದನ್ನು ವೈದ್ಯರು ಬಿಡಿಸಿ ಸರಿಮಾಡಬಲ್ಲರು. ಆಪರೇಷನ್ ಆದ ಮೇಲೆ ನಾಲ್ಕು ವಾರ ಗಂಡ-ಹೆಂಡತಿ ಕೂಡಬಾರದು ಎನ್ನುವುದು ನಿಜ, ಗಾಯ ಒಣಗಬೇಕಲ್ಲ. ಬಸಿರಾಗಲು ಇನ್ನಷ್ಟು ಕಾಯುವುದು ಒಳ್ಳೆಯದು. ಕೊರಳು ಸಾಕಷ್ಟು ಮತ್ತೆ ಬೆಳೆದುಕೊಳ್ಳಲು ಕೆಲವು ತಿಂಗಳು ಬೇಕು. ಆರು ತಿಂಗಳಿಂದ ಒಂದು ವರ್ಷದೊಳಗಿನ ಮರುಪರೀಕ್ಷೆ ಮುಗಿಸಿ ಮುಂದುವರಿದರೆ ಎರಡೂ ಕೆಲಸ ಆದಂತೆ. ಅತ್ತೆಮನೆಯಲ್ಲಿ ‘ಇನ್ನೂ ಏನೂ ಇಲ್ವಾ?’ ಎಂದು ಕೇಳುವವರಿಗೆ ಆ ಆರು ತಿಂಗಳು ಉತ್ತರ ಹೇಳಬೇಕಾದವನು ಗಂಡ.

ನಿಜವಿರುವ ಆ ಎಳೆ

ಈಗ ಎರಡನೆಯ ಮಾತು. ಕೊರಳಿನಿಂದ ಒಂದಿಷ್ಟು ತೆಗೆದರೆ ಅದರ ನಾರೂ ಹೋಗುತ್ತದೆ, ಲೋಳೆ ಒಸರುವ ಗ್ರಂಥಿಗಳೂ ಸ್ವಲ್ಪ ಹೋಗುತ್ತವೆ. ತೂಬು ಕೊಂಚ ದುರ್ಬಲ, ಬಿರಡೆ ಕೊಂಚ ತೆಳು. ಆದ್ದರಿಂದ ಕೆಲವರಲ್ಲಿ 37 ವಾರ ತುಂಬುವ ಮೊದಲೇ ಹೆರಿಗೆಯಾಗುತ್ತದೆ.

ಎಷ್ಟು ಜನರಲ್ಲಿ? 2016ರಲ್ಲಿ ಅದೇ ಪತ್ರಿಕೆಯಲ್ಲಿ 63 ಲಕ್ಷ ಮಹಿಳೆಯರ ಮಾಹಿತಿಯಿದ್ದ 71 ಅಧ್ಯಯನಗಳ ಲೆಕ್ಕ ಬಂತು. ಚಿಕಿತ್ಸೆ ಆಗದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಅವಧಿಪೂರ್ವ ಹೆರಿಗೆಯಾದರೆ, ಚಿಕಿತ್ಸೆ ಆದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಆಗಿತ್ತು. ಇದನ್ನು ‘ಅಪಾಯ ಡಬಲ್’ ಎಂದು ಬರೆದರೆ ಫಾರ್ವರ್ಡ್ ಆಗುತ್ತದೆ. ‘ನೂರರಲ್ಲಿ 89 ಮಂದಿ ದಿನ ತುಂಬಿಯೇ ಹೆತ್ತರು’ ಎಂದು ಬರೆದರೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಎರಡೂ ಒಂದೇ ಲೆಕ್ಕ.

ಆದರೆ ಈ ಸಮಾಧಾನವನ್ನು ನಮ್ಮ ದೇಶಕ್ಕೆ ಹಾಗೇ ತಂದು ಅಂಟಿಸುವುದು ಸರಿಯಲ್ಲ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳವು. ಭಾರತದಲ್ಲಿ 2020ರಲ್ಲಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 13 ಅವಧಿಪೂರ್ವವಾಗಿಯೇ ಹುಟ್ಟಿದವು, ಯಾವ ಆಪರೇಷನ್ನೂ ಇಲ್ಲದೆ. ರಕ್ತಹೀನತೆ, ಸೋಂಕು, ಬಿಡುವಿಲ್ಲದ ದುಡಿಮೆ, ಬೇಗ ಮದುವೆ ಮೊದಲೇ ಇರುವಲ್ಲಿ ಇನ್ನೊಂದು ಕಾರಣ ಸೇರಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಎದ್ದು ಕಾಣುತ್ತದೆ: ಎಷ್ಟು ಆಳ ಕತ್ತರಿಸಿದರು ಎಂಬುದು. ಸುಮಾರು 10-12 ಮಿಲಿಮೀಟರಿನೊಳಗೆ, ಅಂದರೆ ಕಿರುಬೆರಳ ಉಗುರಿನಗಲದಷ್ಟು ತೆಗೆದಿದ್ದರೆ ಅಪಾಯ ಒಂದೂವರೆ ಪಟ್ಟು. 20 ಮಿಲಿಮೀಟರ್ ದಾಟಿದ್ದರೆ ಸುಮಾರು ಐದು ಪಟ್ಟು. ಎರಡು ಸಲ ಆಪರೇಷನ್ ಆಗಿದ್ದರೂ ಅಪಾಯ ಏರುತ್ತದೆ. ಕತ್ತರಿಸದೆ ಸುಡುವ ವಿಧಾನದಲ್ಲಿ ಕಡಿಮೆ. ನಾಲ್ಕನೇ ತಿಂಗಳಿಂದ ಆರನೇ ತಿಂಗಳವರೆಗಿನ ಗರ್ಭಪಾತವೂ ಸ್ವಲ್ಪ ಹೆಚ್ಚು: 2014ರ ವಿಶ್ಲೇಷಣೆಯಲ್ಲಿ ಸಾವಿರಕ್ಕೆ 4 ಇದ್ದದ್ದು 16 ಆಗಿತ್ತು.

ಹಾಗಾದರೆ ಚಿಕಿತ್ಸೆಯೇ ಬೇಡ ಎನ್ನೋಣವೇ? ಅದಕ್ಕೆ ಉತ್ತರ ನ್ಯೂಜಿಲೆಂಡಿನಲ್ಲಿದೆ, ಬಹಳ ದುಬಾರಿ ಬೆಲೆಗೆ ಸಿಕ್ಕಿದ ಉತ್ತರ. ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ 1960-70ರ ದಶಕಗಳಲ್ಲಿ ಕೊರಳಿನ ಕೋಶ ತೀವ್ರವಾಗಿ ಕೆಟ್ಟಿದ್ದ ಹೆಂಗಸರನ್ನು, ಅವರಿಗೆ ತಿಳಿಸದೆಯೇ, ಸರಿಯಾದ ಚಿಕಿತ್ಸೆ ಕೊಡದೆ ‘ನೋಡೋಣ’ ಎಂದು ಬಿಟ್ಟಿದ್ದರು. ಮೂವತ್ತು ವರ್ಷದಲ್ಲಿ ಅಂಥವರಲ್ಲಿ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಬಂತು. ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಒಬ್ಬರಿಗೂ ಬರಲಿಲ್ಲ. ಕ್ಯಾನ್ಸರ್ ಬಂದ ಮೇಲೆ ರೇಡಿಯೇಷನ್ ಕೊಟ್ಟರೆ ಆಗ ನಿಜಕ್ಕೂ ಮಕ್ಕಳಾಗುವುದಿಲ್ಲ.

ಕೆಡುಕು ಮಧ್ಯಮ ಮಟ್ಟದ್ದಾಗಿದ್ದರೆ ಲೆಕ್ಕ ಬೇರೆ. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡು ವರ್ಷದೊಳಗೆ ಅದು ತಾನಾಗಿಯೇ ಸರಿಹೋಗುತ್ತದೆ. ಅದಕ್ಕೇ ಇನ್ನೂ ಮಕ್ಕಳಾಗಬೇಕಿರುವ ಚಿಕ್ಕ ವಯಸ್ಸಿನವರಿಗೆ ಕತ್ತರಿಸುವ ಬದಲು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾ ಕಾಯುವುದೂ ಒಂದು ದಾರಿ. ‘ಡಾಕ್ಟ್ರೇ, ನನಗಿನ್ನೂ ಮಕ್ಕಳಾಗಬೇಕು’ ಎಂಬ ಒಂದು ವಾಕ್ಯ ಆಪರೇಷನ್ನಿಗೆ ಮೊದಲೇ ಹೇಳಬೇಕಾದ್ದು. ಎಷ್ಟು ಆಳ ತೆಗೆಯಬೇಕೆಂಬ ತೀರ್ಮಾನ ಅದರ ಮೇಲೂ ನಿಂತಿರುತ್ತದೆ.

ತವರಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ

ಹನೂರು ತಾಲ್ಲೂಕಿನ ಹೂಗ್ಯಂ ಹೆಸರನ್ನು ಬೇರೆ ಊರಿನವರು ಕೇಳಿದ್ದು 2025ರ ಜೂನ್‌ನಲ್ಲಿ, ಅಲ್ಲಿನ ಅರಣ್ಯ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತಾಗ. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ, ತಮಿಳುನಾಡು ಗಡಿಗೆ ಹತ್ತಿರದ ಊರು. ಇಂಥ ಊರಿನಿಂದ ಮದುವೆಯಾಗಿಯೋ ಕೆಲಸಕ್ಕೋ ಬೆಂಗಳೂರು, ತಿರುಪ್ಪೂರು, ಮೈಸೂರು ಸೇರಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅಲ್ಲೊಂದು ಆಸ್ಪತ್ರೆಯಲ್ಲಿ ಲೀಪ್ ಆಯಿತು. ಎರಡು ವರ್ಷದ ಮೇಲೆ ಬಸಿರು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆತರುತ್ತಾರೆ.

ಈ ಪದ್ಧತಿಯಲ್ಲಿ ತಪ್ಪೇನಿಲ್ಲ. ತಾಯಿಯ ಆರೈಕೆಗೆ ಸಾಟಿಯಿಲ್ಲ. ಆದರೆ ಕ್ಯಾಲೆಂಡರ್ ನೋಡಿ. ಏಳನೇ ತಿಂಗಳೆಂದರೆ ಸುಮಾರು 28 ವಾರ. ಕೊರಳು ಗಿಡ್ಡವಾಗುತ್ತಿದೆಯೇ ಎಂದು ನೋಡಿ ಏನಾದರೂ ಮಾಡಬಹುದಾದ ಅವಧಿ 16ರಿಂದ 24 ವಾರ. ಅದು ಗಂಡನ ಮನೆಯಲ್ಲೇ ಮುಗಿದುಹೋಗಿರುತ್ತದೆ. ಇನ್ನೊಂದು ಕಡೆ, ತವರಿನ ಹತ್ತಿರದ ಆಸ್ಪತ್ರೆಯವರಿಗೆ ಆ ಹಳೆಯ ಆಪರೇಷನ್ನಿನ ವಿಷಯ ಗೊತ್ತೇ ಇರುವುದಿಲ್ಲ. ಎಷ್ಟೋ ಸಲ ಅತ್ತೆಗೂ ಹೇಳಿರುವುದಿಲ್ಲ, ತಾಯಿಗೂ ಹೇಳಿರುವುದಿಲ್ಲ. ಕ್ಯಾನ್ಸರ್ ಎಂಬ ಪದದ ಭಯ, ‘ಆಪರೇಷನ್’ ಎಂಬ ಪದದ ಕಳಂಕ. ಮೂರನೆಯದಾಗಿ, ಅಪಾಯ ಹೆಚ್ಚಿರುವ ವಾರಗಳಲ್ಲೇ ಅವಳು ದೊಡ್ಡ ಆಸ್ಪತ್ರೆಯಿಂದ ದೂರ, ಕಾಡುರಸ್ತೆಯ ಆಚೆಗೆ ಹೋಗಿರುತ್ತಾಳೆ. ಬೆಟ್ಟದ ಮೇಲಿನ ಇಂಡಿಗನತ್ತ, ತುಳಸಿಕೆರೆ, ದೊಡ್ಡಾಣೆ ಕಡೆಯಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹೂಗ್ಯಂಗೆ ರಸ್ತೆಯಿದೆ. ಆದರೂ 30 ವಾರದ ಮಗುವಿಗೆ ಉಸಿರಾಟದ ಯಂತ್ರ ಬೇಕಾದಾಗ ಹನೂರು, ಕೊಳ್ಳೇಗಾಲ ದಾಟಿ ಚಾಮರಾಜನಗರಕ್ಕೋ ಮೈಸೂರಿನ ಚೆಲುವಾಂಬಕ್ಕೋ ಹೋಗುವ ಹೊತ್ತು ಬಹಳ ದೊಡ್ಡದು.

ಹಾಗಾಗಿ ಮೊದಲ ಕೆಲಸ ಕಾಗದದ್ದು. ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಸಾರಾಂಶ ಮತ್ತು ಲ್ಯಾಬ್ ವರದಿಯ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ದಿನಕ್ಕೆ ಹತ್ತು ಗುಡ್ ಮಾರ್ನಿಂಗ್ ಚಿತ್ರ ಹಿಡಿಸುವ ಫೋನಿನಲ್ಲಿ ಇದಕ್ಕೂ ಜಾಗವಿರುತ್ತದೆ. ತೆಗೆದ ತುಂಡಿನ ಅಳತೆ ಆ ಲ್ಯಾಬ್ ವರದಿಯಲ್ಲಿ ಮಿಲಿಮೀಟರಿನಲ್ಲಿ ಇರುತ್ತದೆ. ಬಸಿರು ಗೊತ್ತಾಗಿ ತಾಯಿ ಕಾರ್ಡ್ ಮಾಡಿಸುವಾಗಲೇ ಆಶಾ ಕಾರ್ಯಕರ್ತೆಗೂ ನರ್ಸಮ್ಮನಿಗೂ ಹೇಳಿ ಆ ಕಾರ್ಡಿನಲ್ಲಿ ಬರೆಸಿ. ಎಲ್ಲರ ಮುಂದೆ ಹೇಳಲು ಸಂಕೋಚವಾದರೆ ಕಾಗದ ತೋರಿಸಿದರೆ ಸಾಕು. ಕಾರ್ಡ್ ಎಲ್ಲಿಗೆ ಹೋದರೂ ವಿಷಯ ಜೊತೆಗೆ ಹೋಗುತ್ತದೆ.

ಎರಡನೆಯದು ಸ್ಕ್ಯಾನ್. ಕೊರಳಿನ ಉದ್ದವನ್ನು ಒಳಗಿನಿಂದ, ಯೋನಿಯ ಮೂಲಕ ಅಳೆಯುವ ಸ್ಕ್ಯಾನ್ ಇದು. ಹೊಟ್ಟೆಯ ಮೇಲಿನಿಂದ ನೋಡಿದರೆ ಅಳತೆ ಅಷ್ಟು ಸರಿಯಾಗಿ ಸಿಗುವುದಿಲ್ಲ. ಮಗುವಿಗೆ ಏನೂ ಆಗುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ನಾಲ್ಕನೇ ತಿಂಗಳ ಆ 9ಕ್ಕೆ ಹೋಗಿ, ಆಪರೇಷನ್ ಆಗಿದೆ, ಕೊರಳಿನ ಉದ್ದ ನೋಡಿಸಬೇಕಾ ಎಂದು ಬಾಯಿಬಿಟ್ಟು ಕೇಳಿ. 25 ಮಿಲಿಮೀಟರಿಗಿಂತ ಉದ್ದವಿದ್ದರೆ ಹೆಚ್ಚಿನ ಮಟ್ಟಿಗೆ ನಿಶ್ಚಿಂತೆ.

ಕೊರಳಿಗೆ ಹೊಲಿಗೆ

ಕಡಿಮೆಯಿದ್ದರೆ? ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಮಾತ್ರೆಯನ್ನು ಯೋನಿಯಲ್ಲಿಡಲು ಕೊಡಬಹುದು. ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದವರಿಗೆ, ಅಥವಾ ಬಾಯಿ ತೆರೆಯಲು ಶುರುವಾಗಿದ್ದವರಿಗೆ ಕೊರಳಿನ ಸುತ್ತ ಹೊಲಿಗೆ ಹಾಕಬಹುದು. ಅಜ್ಜಿಯರ ಎಲೆಅಡಿಕೆ ಸಂಚಿ ನೋಡಿದ್ದೀರಲ್ಲ, ಬಾಯಿಯ ಸುತ್ತ ಪೋಣಿಸಿದ ದಾರ ಎಳೆದರೆ ಬಿಗಿಯುತ್ತದೆ. ತತ್ವ ಅದೇ.

ಜಗತ್ತಿನೆಲ್ಲೆಡೆ ಈ ಹೊಲಿಗೆಯ ಜೊತೆ ಒಬ್ಬ ಭಾರತೀಯರ ಹೆಸರಿದೆ. ಗೋವಾದ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿ ಮುಂಬೈಯಲ್ಲಿ ವೈದ್ಯರಾಗಿದ್ದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್, ನಾಲ್ಕೈದು ತಿಂಗಳಿಗೆ ಪದೇಪದೇ ಗರ್ಭ ಜಾರುತ್ತಿದ್ದ ಹೆಂಗಸರಿಗೆ ಈ ವಿಧಾನ ಕಂಡುಹಿಡಿದು 1955ರಲ್ಲಿ ‘ಆಂಟಿಸೆಪ್ಟಿಕ್’ ಎಂಬ ನಮ್ಮ ದೇಶದ್ದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಮೊದಲು ಅವರು ಬಳಸಿದ್ದು ದಾರವನ್ನಲ್ಲ. ಆ ಹೆಂಗಸಿನದೇ ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು. ಎರಡು ವರ್ಷದ ಮೇಲೆ ಆಸ್ಟ್ರೇಲಿಯಾದ ಮ್ಯಾಕ್‌ಡೊನಾಲ್ಡ್ ಇನ್ನಷ್ಟು ಸುಲಭದ ಹೊಲಿಗೆಯೊಂದನ್ನು ಪ್ರಕಟಿಸಿದರು. ಇವತ್ತು ಈ ಎರಡೂ ಬಳಕೆಯಲ್ಲಿವೆ.

ಲೀಪ್ ಆಗಿದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಹೊಲಿಗೆ ಬೇಕಿಲ್ಲ, ಹಾಗೆ ಹಾಕುವುದರಿಂದ ಲಾಭವೂ ಕಂಡುಬಂದಿಲ್ಲ. ಅಳೆದು ನೋಡಿಯೇ ತೀರ್ಮಾನ. ಹೊಲಿಗೆ ಹಾಕಿದರೆ ಸಿಸೇರಿಯನ್ ಎಂಬುದೂ ಸುಳ್ಳು. ಯೋನಿಯ ಮೂಲಕ ಹಾಕಿದ ಹೊಲಿಗೆಯನ್ನು 36-37 ವಾರಕ್ಕೆ ಕತ್ತರಿಸಿ ತೆಗೆಯುತ್ತಾರೆ, ಆಮೇಲೆ ನೋವು ಬರುವವರೆಗೆ ಕಾಯುತ್ತಾರೆ. ಹೊಟ್ಟೆಯ ಮೂಲಕ ಹಾಕುವ ಅಪರೂಪದ ಹೊಲಿಗೆಗೆ ಮಾತ್ರ ಸಿಸೇರಿಯನ್ ಬೇಕು. ಹೆರಿಗೆ ನೋವಿನಲ್ಲಿ ಕೆಲವರಿಗೆ ಹಳೆಯ ಗಾಯದ ಕಲೆ ಬಿಗಿಯಾಗಿ ಬಾಯಿ ತೆರೆಯಲು ಸತಾಯಿಸುವುದುಂಟು. ಹೆರಿಗೆ ಮಾಡಿಸುವವರಿಗೆ ವಿಷಯ ಗೊತ್ತಿದ್ದರೆ ಬೆರಳಿನಿಂದಲೇ ಬಿಡಿಸಬಹುದಾದ ಸಂಗತಿ. ಗೊತ್ತಿಲ್ಲದಿದ್ದರೆ ‘ನೋವು ಬಂದರೂ ಬಾಯಿ ತೆರೀತಿಲ್ಲ’ ಎಂದು ಸಿಸೇರಿಯನ್ನಿಗೆ ಹೋಗುತ್ತದೆ.

ಕಾಲು ಮೇಲೆ ಮಾಡಿ ಐದು ತಿಂಗಳು ಮಲಗಿಸುವ ಸಲಹೆ ಇನ್ನೂ ಕೇಳಿಬರುತ್ತದೆ. ಪೂರ್ತಿ ಹಾಸಿಗೆ ಹಿಡಿಯುವುದರಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಭಾರ ಹೊರುವುದು, ನೀರಿನ ಕೊಡ ಎತ್ತುವುದು, ಸೌದೆ ತರುವುದು ಬೇಡ. ನಡೆದಾಡಿಕೊಂಡು, ಹೊಟ್ಟೆ ತುಂಬ ಉಂಡು, ಕಬ್ಬಿಣದ ಮಾತ್ರೆ ತಪ್ಪಿಸದೆ ಇರಲಿ. ಮನೆಯವರು ಕೈ ಹಚ್ಚಿದರೆ ಇದಕ್ಕೆ ವೈದ್ಯರ ಚೀಟಿ ಬೇಕಿಲ್ಲ.

ನೋವು ಬೇಗ ಬಂದರೆ

ಏಳನೇ ತಿಂಗಳಲ್ಲೋ ಅದಕ್ಕೂ ಮೊದಲೋ ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗುವುದು, ಸೊಂಟದಲ್ಲಿ ಬಿಟ್ಟುಬಿಟ್ಟು ಎಳೆತ, ಕೆಳಗೆ ಒತ್ತಿದಂತಾಗುವುದು, ರಕ್ತ, ನೀರು ಸೋರುವುದು: ಇವುಗಳಲ್ಲಿ ಒಂದು ಕಂಡರೂ ಕಷಾಯ ಕುಡಿಸಿ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಕಾಡುರಸ್ತೆಯಲ್ಲಿ ಆಂಬುಲೆನ್ಸ್ ತಡವಾಗುವುದು ಹೊಸದೇನಲ್ಲ, ಆದ್ದರಿಂದ ಊರಿನಲ್ಲಿ ಯಾರ ಗಾಡಿ ರಾತ್ರಿ ಸಿಗುತ್ತದೆ ಎಂಬುದನ್ನು ಮೊದಲೇ ಮಾತಾಡಿಟ್ಟುಕೊಂಡಿರಿ.

ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದ್ದು ‘ಮಗುವಿನ ಶ್ವಾಸಕೋಶಕ್ಕೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು’. ಡೆಕ್ಸಾಮೆಥಾಸೋನ್ ಎಂಬ ಈ ಔಷಧಿಯನ್ನು 24ರಿಂದ 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಕಂಡರೆ ತಾಯಿಗೆ ಕೊಡುತ್ತಾರೆ, 12 ಗಂಟೆಗೊಂದರಂತೆ ನಾಲ್ಕು. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಮೊದಲ ಚುಚ್ಚುಮದ್ದು ಕೊಡಲು ಹಳ್ಳಿಯ ನರ್ಸ್‌ಗೂ ಸರ್ಕಾರದ ಅನುಮತಿಯಿದೆ. ಹೊಟ್ಟೆಯೊಳಗಿನ ಎಳೆಯ ಶ್ವಾಸಕೋಶ ಒಂದೆರಡು ದಿನದಲ್ಲಿ ಹಣ್ಣಾಗಲು ಇದು ನೆರವಾಗುತ್ತದೆ. ಬೆಲೆ ತೀರಾ ಕಡಿಮೆ, ಕೆಲಸ ಬಹಳ ದೊಡ್ಡದು.

ಹುಟ್ಟಿದ ಮಗು ಸಣ್ಣದಿದ್ದರೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುವ ಬದಲು ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಹೊದಿಸಿ. ತಾಯಿಗೆ ಆಗದಿದ್ದರೆ ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯದೂ ಆಗುತ್ತದೆ. ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೋಗುವ ದಾರಿಯುದ್ದಕ್ಕೂ ಹೀಗೆಯೇ ಹಿಡಿದುಕೊಂಡು ಹೋಗಬಹುದು.

ಈಗಾಗಲೇ ಬಸುರಿಯಾಗಿರುವಾಗ ಪರೀಕ್ಷೆಯಲ್ಲಿ ಕೋಶ ಕೆಟ್ಟಿದೆ ಎಂದು ಗೊತ್ತಾದವರದ್ದು ಒಂದು ಪ್ರಶ್ನೆ ಉಳಿಯುತ್ತದೆ. ಕ್ಯಾನ್ಸರ್ ಇಲ್ಲ ಎಂದು ಖಚಿತವಾದರೆ ಸಾಮಾನ್ಯವಾಗಿ ಬಸಿರಿನಲ್ಲಿ ಕತ್ತರಿಸುವುದಿಲ್ಲ. ಆಗಾಗ ನೋಡುತ್ತಾ, ಹೆರಿಗೆಯಾಗಿ ಕೆಲವು ವಾರಗಳ ಮೇಲೆ ಮತ್ತೆ ಪರೀಕ್ಷಿಸಿ ಮುಂದಿನದು. ಆ ಮರುಪರೀಕ್ಷೆಯ ತಾರೀಖನ್ನೂ ತಾಯಿ ಕಾರ್ಡಿನಲ್ಲಿ, ಮಗುವಿನ ಲಸಿಕೆಯ ತಾರೀಖಿನ ಪಕ್ಕದಲ್ಲೇ ಬರೆಸಿಕೊಳ್ಳಿ. ಲಸಿಕೆಗೆ ಹೇಗೂ ಹೋಗುತ್ತೀರಿ.